ಖಿನ್ನತೆಗೆ ಗುಂಪು ಚಿಕಿತ್ಸೆ: ಜತೆ ಕೂರುವವರು ಯಾರು?

ಜಮಖಂಡಿ: ಕಬ್ಬಿನ ಬಾಕಿ, ನೂಲಿನ ದರದ ಏರಿಳಿತ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹೊಲ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ತಂದ ನೆರೆ. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಜನ ಇವೆಲ್ಲವನ್ನೂ ಕಂಡವರು. ಬಿದ್ದ ಗೋಡೆಗೆ ಪರಿಹಾರದ ಪಟ್ಟಿ ಇದೆ. ಕುಸಿದ ಮನಸ್ಸು ಯಾವ ಪಟ್ಟಿಗೂ ಸೇರುವುದಿಲ್ಲ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಗೆ ಒಳಗಾದವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲವಾದರೂ ತಜ್ಞರ ಕೊರತೆ ಇಲ್ಲಿಗೂ ಹೊಸತಲ್ಲ. ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕರೆತರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದ್ದು ಈ ಕಾರಣಕ್ಕೇ. ಆದರೆ ವಾರದ ಒಂದು ದಿನದಲ್ಲಿ ಮಾತ್ರೆ ಬರೆದುಕೊಡಬಹುದೇ ಹೊರತು, ಒಬ್ಬೊಬ್ಬರ ಮುಂದೆ ಮುಕ್ಕಾಲು ಗಂಟೆ ಕುಳಿತು ಮಾತು ಕೇಳಲಾಗದು. ಗುಂಪು ಚಿಕಿತ್ಸೆಯ ಪ್ರಸ್ತಾಪ ಮೂಡುವುದು ಇಲ್ಲಿಯೇ.

ಎರಡು ದಾರಿ

ಎರಡೂ ದಾರಿಗಳು ಬಡ ಪ್ರದೇಶಗಳಲ್ಲಿ ಪರೀಕ್ಷೆಗೆ ಒಳಪಟ್ಟಿವೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸಮಾಲೋಚಕರು ಒಬ್ಬೊಬ್ಬ ರೋಗಿಯೊಂದಿಗೆ ಆರರಿಂದ ಎಂಟು ಬಾರಿ ಮಾತನಾಡಿದರು. ಔಷಧೋಪಚಾರದೊಂದಿಗೆ ಇದು ಸೇರಿದಾಗ ಖಿನ್ನತೆ ಇಳಿಯಿತೆಂಬ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಉಗಾಂಡದ ಹಳ್ಳಿಗಳಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಗುಂಪು ಮಾಡಿ 16 ವಾರ ನಡೆಸಿದ ಚಿಕಿತ್ಸೆಯೂ ಫಲ ನೀಡಿದ್ದು 2003ರಲ್ಲಿ ವರದಿಯಾಗಿದೆ. ಎರಡನ್ನೂ ತೂಗಿ ನೋಡಿದ ಅಧ್ಯಯನಗಳಲ್ಲಿ ವೈಯಕ್ತಿಕ ಚಿಕಿತ್ಸೆ ಆರಂಭದಲ್ಲಿ ತುಸು ಮುಂದಿದ್ದರೂ, ಕಾಲಾನಂತರ ಆ ಅಂತರ ಉಳಿಯುವುದಿಲ್ಲ. ಗುಂಪಿನಲ್ಲಿ ನಡುವೆಯೇ ಬಿಟ್ಟುಹೋಗುವವರು ಹೆಚ್ಚು ಎಂಬುದೂ ಗಮನಾರ್ಹ.

ತೊಡಕು ಎಲ್ಲಿದೆ?

ಪ್ರತಿ ಓಣಿಯಲ್ಲೂ ವಾರಕ್ಕೊಮ್ಮೆ ಸೇರುವ ಮಹಿಳಾ ಸಂಘಗಳಿರುವಾಗ ಅವುಗಳನ್ನೇ ಚಿಕಿತ್ಸೆಯ ಗುಂಪಾಗಿಸಬಹುದಲ್ಲ ಎಂದು ತೋರುವುದು ಸಹಜ. ತೊಡಕು ಇರುವುದೂ ಅಲ್ಲಿಯೇ. ಆ ಸಭೆ ಸಾಲದ ಕಂತಿನ ಸಭೆಯೂ ಹೌದು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕಾದ ಗುಂಪುಗಳೂ ಇವೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ನಿದ್ದೆಗೆಡಿಸಿದ ಸಾಲದ ಮಾತನ್ನು, ಆ ಸಾಲಕ್ಕೆ ಜಾಮೀನು ನಿಂತವರ ಎದುರು ಯಾರು ಬಾಯಿ ಬಿಟ್ಟು ಹೇಳಿಯಾರು?

ಗೋಪ್ಯತೆಯದು ಇನ್ನೊಂದು ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟನ್ನು ಕಾಯುವ ಹೊಣೆಯನ್ನು ಚಿಕಿತ್ಸೆ ನೀಡುವವರ ಮೇಲೆ ಹೊರಿಸಿದೆ. ಪಕ್ಕದಲ್ಲಿ ಕುಳಿತ ನೆರೆಯವಳ ನಾಲಿಗೆಗೆ ಕಾಯ್ದೆಯ ಕಡಿವಾಣವಿಲ್ಲ.

ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದು ಎಂಬ ವಾದಕ್ಕೆ ಇಲ್ಲಿ ಅರ್ಥವಿಲ್ಲ. ಮೊದಲ ಮಾತು ಒಬ್ಬರೊಡನೆಯೇ ಆಗಬೇಕು. ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹಿಂಸೆ ಇದ್ದಲ್ಲಿ ವೈಯಕ್ತಿಕ ಆರೈಕೆಯೇ ಮುಂದುವರಿಯಬೇಕು. ಉಳಿದವರು ಒಪ್ಪಿದರೆ ಗುಂಪು ರಚಿಸಬಹುದು. ಆದರೆ ಅದು ಸಾಲದ ಸಂಘದಿಂದ ಬೇರೆಯಾಗಿರಬೇಕು, ಒಂದೇ ಓಣಿಯವರದಾಗಿರಬಾರದು. ಮನೆಯಿಂದಲೇ ಮಾತನಾಡಬಯಸುವವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಇದೆ.

ಗುಂಪು ಕಟ್ಟುವುದು ಈ ಭಾಗದ ಜನರಿಗೆ ಕಲಿಸಬೇಕಾದ ವಿದ್ಯೆಯಲ್ಲ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಂಪು ಕಟ್ಟುವುದೇ ಆರೋಗ್ಯ ಇಲಾಖೆಯ ಮುಂದಿರುವ ಕೆಲಸ.