ಹನ್ನೆರಡನೆಯವರ ಮಾತು



ಅಮೆರಿಕದ ಪೌರತ್ವ ಪಡೆದ ನಮ್ಮಲ್ಲಿ ಅನೇಕರ ಮನೆಗೆ ಒಂದಲ್ಲ ಒಂದು ದಿನ ಜ್ಯೂರಿ ಸೇವೆಯ ಕರೆಪತ್ರ ಬರುತ್ತದೆ. ಕಚೇರಿಗೆ ಏನು ಹೇಳುವುದು, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು ಎಂಬ ಚಿಂತೆಯೇ ಮೊದಲು ಕಾಡುತ್ತದೆ. ಆ ಕೋಣೆಯಲ್ಲಿ ನಮ್ಮ ಒಂದು ಮತಕ್ಕೆ ಎಷ್ಟು ತೂಕವಿದೆ ಎಂದು ನಾವು ಯೋಚಿಸುವುದು ವಿರಳ.

ಗಂಭೀರ ಅಪರಾಧಗಳಲ್ಲಿ ಆರೋಪಿಯನ್ನು ದೋಷಿಯೆನ್ನಲು ಎಲ್ಲ ರಾಜ್ಯಗಳಲ್ಲೂ ಜ್ಯೂರಿಯ ಒಮ್ಮತ ಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿದ್ದು 2020ರಲ್ಲಿ, ರೇಮೋಸ್ ಪ್ರಕರಣದಲ್ಲಿ. ಅದಕ್ಕೆ ಮುನ್ನ ಎರಡು ರಾಜ್ಯಗಳು ಬೇರೆ ದಾರಿ ಹಿಡಿದಿದ್ದವು. ಲೂಯಿಸಿಯಾನ 1898ರಲ್ಲಿ, ಕಪ್ಪು ವರ್ಣೀಯರ ಮತವನ್ನು ನಿಷ್ಫಲಗೊಳಿಸುವ ಉದ್ದೇಶದಿಂದ, ಹನ್ನೆರಡರಲ್ಲಿ ಒಂಬತ್ತು ಮತ ಸಾಕೆಂದಿತು. ಮುಂದೆ ಅದು ಹತ್ತಾಯಿತು. ಆರೆಗಾನ್‌ನಲ್ಲಿ ಯಹೂದಿ ಆರೋಪಿಯೊಬ್ಬನ ವಿಚಾರಣೆಯಲ್ಲಿ ಒಬ್ಬ ಜ್ಯೂರಿ ಸದಸ್ಯ ಉಳಿದವರನ್ನು ಒಪ್ಪದಿದ್ದುದು ಜನರನ್ನು ಕೆರಳಿಸಿತು. ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದ ವಲಸಿಗರಿಗೆ ಜ್ಯೂರಿ ಪದ್ಧತಿಯ ಸಂಸ್ಕಾರವಿಲ್ಲವೆಂದು ಅಲ್ಲಿನ ಪತ್ರಿಕೆಯೊಂದು ಬರೆಯಿತು. 1934ರಲ್ಲಿ ಹೆಚ್ಚಿನ ಪ್ರಕರಣಗಳಿಗೆ ಹತ್ತು ಮತ ಸಾಕೆಂಬ ನಿಯಮ ಬಂದಿತು. ವಲಸೆ ಬಂದ ನಾವು ಈ ಚರಿತ್ರೆಯನ್ನು ಮರೆಯಲಾಗದು.

ಒಮ್ಮತಕ್ಕೆ ವಿರುದ್ಧವಾದ ವಾದವೂ ಹಗುರವಲ್ಲ. ಒಬ್ಬರ ಹಠದಿಂದ ವಿಚಾರಣೆ ವಿಫಲವಾದರೆ, ನೊಂದವರು ಮತ್ತೊಮ್ಮೆ ಕಟಕಟೆ ಏರಿ ಅದೇ ಸಂಕಟವನ್ನು ಹೇಳಬೇಕಾಗುತ್ತದೆ. ಇಂಗ್ಲೆಂಡ್ 1967ರಿಂದ, ಕನಿಷ್ಠ ಎರಡು ಗಂಟೆಗಳ ಸಮಾಲೋಚನೆಯ ಬಳಿಕ, ಹನ್ನೆರಡರಲ್ಲಿ ಹತ್ತರ ಬಹುಮತವನ್ನು ಒಪ್ಪುತ್ತಿದೆ. ಅಲ್ಲಿ ನ್ಯಾಯವೇ ಇಲ್ಲವೆಂದು ಯಾರೂ ಹೇಳಲಾರರು.

ಆದರೂ ನಾವು ಒಮ್ಮತದ ಪಕ್ಷ. ಹತ್ತು ಮತ ಕೂಡಿದೊಡನೆ ಉಳಿದಿಬ್ಬರ ಮಾತನ್ನು ಕೇಳುವ ಅಗತ್ಯವೇ ಇಲ್ಲವಾಗುತ್ತದೆ. ಹನ್ನೆರಡೂ ಬೇಕೆಂದಾಗ, ಬಹುಮತದವರು ತಮ್ಮ ಕಾರಣಗಳನ್ನು ಬಿಡಿಸಿ ಹೇಳಲೇಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದವರು ನಮ್ಮ ಹಿರಿಯರು. ಒಮ್ಮತ ಕೂಡದಿದ್ದರೆ ಮರುವಿಚಾರಣೆಗೆ ಅವಕಾಶವುಂಟು. ನಿರಪರಾಧಿ ಸೆರೆಮನೆಯಲ್ಲಿ ಕಳೆದ ವರ್ಷಗಳನ್ನು ಮರಳಿ ಕೊಡಲು ಯಾರಿಂದಲೂ ಆಗದು.

ಈ ಚರ್ಚೆ ಇನ್ನೂ ಮುಗಿದಿಲ್ಲ. ಮರಣದಂಡನೆಯನ್ನು ಶಿಫಾರಸು ಮಾಡಲು ಎಂಟು ಮತಗಳು ಸಾಕೆಂದು ಫ್ಲಾರಿಡ 2023ರಲ್ಲಿ ಶಾಸನ ಮಾಡಿದೆ. ಸೆರೆವಾಸಕ್ಕೆ ಕಳುಹಿಸುವ ಮೊದಲ ತೀರ್ಪಿಗೆ ಹನ್ನೆರಡು ಮತ ಬೇಕು, ಪ್ರಾಣ ತೆಗೆಯುವ ನಿರ್ಧಾರಕ್ಕೆ ಎಂಟು ಸಾಕು ಎಂಬುದು ನಮಗೆ ಸರಿಯೆನಿಸುವುದಿಲ್ಲ.

ಆದ್ದರಿಂದ ಕರೆಪತ್ರ ಬಂದಾಗ ನೆಪ ಹುಡುಕದೆ ಹೋಗೋಣ. ನಮ್ಮ ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. ಸಂದೇಹವಿದ್ದರೆ ಹೇಳೋಣ, ಇತರರ ಉತ್ತರವನ್ನು ತೆರೆದ ಮನಸ್ಸಿನಿಂದ ಕೇಳೋಣ. ಆ ಮೇಜಿನ ಸುತ್ತ ಹನ್ನೆರಡನೆಯವರಾಗಿ ಕುಳಿತವರು ನಾವೇ ಆಗಿರಬಹುದು; ಕಟಕಟೆಯಲ್ಲಿ ನಿಂತವರು ನಮ್ಮ ಮಕ್ಕಳೇ ಆಗಿರಬಹುದು.