ಹೆಸರು ನಮ್ಮದು, ನೀರು ಯಾರದೋ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ಕಾಣುತ್ತದೆ. ನೋಡಿ ಹೆಮ್ಮೆಯಾಗಬೇಕು, ಅಲ್ಲವೇ? ನನಗೆ ಸಿಟ್ಟು ಬರುತ್ತದೆ. ಬೋರ್ಡಿನ ಮೇಲೆ ನಮ್ಮೂರು, ಪಾತ್ರೆಯೊಳಗೆ ಹಸಿರು ನೀರು!

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಬೇರೆ ಕಡೆ ಪಾನಿಪೂರಿಯ ಪಾನಿ ಎಂದರೆ ಪುದೀನ, ಕೊತ್ತಂಬರಿ ಅರೆದು ಹಾಕಿದ ಹಸಿರು ನೀರು. ಬಂಗಾರಪೇಟೆಯದು ಬಣ್ಣವೇ ಇಲ್ಲದ ತಿಳಿನೀರು. ಲೋಟದಲ್ಲಿಟ್ಟರೆ ಕುಡಿಯುವ ನೀರೇ ಇರಬೇಕು ಅನ್ನಿಸುತ್ತದೆ. ಬಾಯಿಗಿಟ್ಟಾಗ ತಿಳಿಯುತ್ತದೆ, ಖಾರ ಮೂಗಿಗೇರಿ ಕಣ್ಣಲ್ಲಿ ನೀರು ಬಂದಿರುತ್ತದೆ. ಅದಕ್ಕೆ ಏನೇನು ಹಾಕುತ್ತಾರೆಂದು ಹತ್ತು ಜನ ಹತ್ತು ಥರ ಹೇಳುತ್ತಾರೆ, ಮಾಡುವವರು ಮಾತ್ರ ಬಾಯಿ ಬಿಡುವುದಿಲ್ಲ. ಬಿಡದಿರಲಿ. ಅದು ಅವರ ಕೈಯ ವಿದ್ಯೆ.

ಬೆಂಗಳೂರಿನ ಒಂದು ಗಾಡಿಯ ಮುಂದೆ ನಿಂತು ಕೇಳಿಯೇ ಬಿಟ್ಟೆ. “ಏನಪ್ಪ, ಇದು ಬಂಗಾರಪೇಟೆಯದಾ?”

“ಹೆಸರು ಅದೇ ಆಂಟಿ. ಇಲ್ಲಿ ಎಲ್ರೂ ಗ್ರೀನೇ ಕೇಳ್ತಾರೆ.”

“ಹಾಗಾದ್ರೆ ಬೋರ್ಡಿಗೆ ಆ ಹೆಸರು ಯಾಕಪ್ಪ?”

“ಆ ಹೆಸರು ನೋಡೇ ತಾನೇ ನೀವೂ ಬಂದಿದ್ದು?”

ಎಂಥ ಮಾತು ನೋಡಿ! ಹುಡುಗ ಸುಳ್ಳು ಹೇಳಲಿಲ್ಲ. ನಾನು ಬಂದದ್ದು ಹೆಸರು ನೋಡಿಯೇ. ಆ ಹೆಸರನ್ನು ಅವನು ಗಳಿಸಿರಲಿಲ್ಲ. ಬಂಗಾರಪೇಟೆಯ ಬೀದಿಯಲ್ಲಿ ಸಂಜೆಯಾದರೆ ಗಾಡಿ ಇಟ್ಟುಕೊಂಡು, ನಿನ್ನೆ ಕೊಟ್ಟ ರುಚಿಯನ್ನೇ ಇವತ್ತೂ ಕೊಟ್ಟವರು ಗಳಿಸಿದ್ದು ಅದು. ಕದ್ದ ಕೊಡದಲ್ಲಿ ನೀರು ಮಾರಿದಂತಾಯಿತು.

“ಪಾನಿಪೂರಿಗೆ ಇಷ್ಟು ರಂಪವೇ ಟೀಚರಮ್ಮ?” ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ. ಆದರೆ ಯೋಚಿಸಿ, ಹೆಂಗಸರಾದ ನಾವು ಕೊಳ್ಳುವುದರಲ್ಲಿ ಎಷ್ಟನ್ನು ಪರೀಕ್ಷೆ ಮಾಡಿ ಕೊಳ್ಳುತ್ತೇವೆ? ಹಾಲಿನ ಪ್ಯಾಕೆಟ್ಟನ್ನು ಒಡೆದು ನೋಡಿ ತರುವುದುಂಟೇ? ಬಂಗಾರವನ್ನೇ ತೆಗೆದುಕೊಳ್ಳಿ. ನಮ್ಮ ಮೈಸೂರು ಮೈನ್ಸ್ ಕಡೆ ನೂರಿಪ್ಪತ್ತು ವರ್ಷ ನೆಲ ಬಗೆದು ಬಂಗಾರ ತೆಗೆದರು, 2001ರಲ್ಲಿ ಗಣಿ ಮುಚ್ಚಿದರು. ಒಡವೆಗೆ ಹಾಲ್‌ಮಾರ್ಕ್ ಬಂದದ್ದು 2000ದಲ್ಲಿ, ಕಡ್ಡಾಯವಾಗತೊಡಗಿದ್ದು 2021ರಲ್ಲಿ. ಅಲ್ಲಿಯವರೆಗೆ ನಮ್ಮ ಅಮ್ಮಂದಿರು, ಅತ್ತೆಯರು ಏನನ್ನು ನಂಬಿ ಸರ ಮಾಡಿಸಿದರು? ಅಂಗಡಿಯ ಹೆಸರನ್ನು. ಒರೆಗಲ್ಲು ಅಂಗಡಿಯವನ ಹತ್ತಿರ, ನಂಬಿಕೆ ನಮ್ಮ ಹತ್ತಿರ. ಹೆಸರಿಗೆ ಮೋಸವಾದರೆ ಮೊದಲು ಕೆಡುವುದು ಪರೀಕ್ಷಿಸಲಾರದವಳ ದುಡ್ಡು.

ಪಾನಿಯಲ್ಲಿ ದುಡ್ಡಷ್ಟೇ ಅಲ್ಲ, ಹೊಟ್ಟೆಯ ಮಾತೂ ಇದೆ. 2024ರಲ್ಲಿ ಆಹಾರ ಸುರಕ್ಷತೆಯವರು ನಮ್ಮ ರಾಜ್ಯದಲ್ಲಿ ಪಾನಿಪೂರಿಯ ಸುಮಾರು 260 ಮಾದರಿಗಳನ್ನು ಪರೀಕ್ಷಿಸಿದಾಗ, 41ರಲ್ಲಿ ಕ್ಯಾನ್ಸರಿಗೆ ದಾರಿ ಮಾಡಬಹುದಾದ ಕೃತಕ ಬಣ್ಣಗಳು ಸಿಕ್ಕವು. ಗೋಬಿ ಮಂಚೂರಿಗೆ ಬಣ್ಣ ಹಾಕಬಾರದೆಂದು ಸರ್ಕಾರ ಹೇಳಿದ್ದೂ ಅದೇ ವರ್ಷ. ತಿಳಿನೀರಿನಲ್ಲಿ ಬಣ್ಣದ ಕಳ್ಳತನಕ್ಕೆ ಜಾಗವಿಲ್ಲ. ಒಂದು ಹನಿ ಬಿದ್ದರೂ ಮಗುವಿಗೂ ಕಾಣುತ್ತದೆ. ಇಂಥದ್ದನ್ನು ಬಿಟ್ಟು, ಹೆಸರೊಂದನ್ನೇ ಎತ್ತಿಕೊಂಡು ಹೋಗುತ್ತಾರಲ್ಲ!

“ಗಿರಾಕಿ ಕೇಳಿದ್ದನ್ನು ಕೊಡುವುದೇ ವ್ಯಾಪಾರ” ಎನ್ನುವವರಿಗೆ ಎಂ.ಟಿ.ಆರ್. ನೆನಪಿಸುತ್ತೇನೆ. 1924ರಲ್ಲಿ ಶುರುವಾದ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ತಗ್ಗಿಸಲು ಕಟ್ಟುಮಾಡಿತು. ತುಪ್ಪಕ್ಕೆ ಡಾಲ್ಡಾ ಬೆರೆಸಿ ಬದುಕಬಹುದಿತ್ತು. ಅವರು ರುಚಿ ಕೆಡಿಸಲಿಲ್ಲ. ಹೋಟೆಲನ್ನೇ ಕೆಲಕಾಲ ಮುಚ್ಚಿ ಪುಡಿ, ಮಿಕ್ಸುಗಳ ದಾರಿ ಹಿಡಿದರು. ಆಮೇಲೆ ಬಾಗಿಲು ತೆರೆದಾಗ ಜನ ಮತ್ತೆ ಸಾಲು ನಿಂತರು.

ನಮ್ಮೂರಿನವರನ್ನೂ ಬಿಡುವುದಿಲ್ಲ ನಾನು. ವಾರದ ದಿನ ನಾವು ಹೋದರೆ ಒಂದು ಪಾನಿ, ಶನಿವಾರ ಬೆಂಗಳೂರಿನ ಕಾರುಗಳು ಬಂದು ನಿಂತಾಗ ಅದಕ್ಕೆ ಇನ್ನೊಂದು ಬಿಂದಿಗೆ ನೀರು, ಇದೂ ನಡೆಯುತ್ತದೆ. ಗಂಡಸರಿಗೆ “ಬನ್ನಿ ಸಾರ್”, ಮಗು ಕಟ್ಟಿಕೊಂಡು ಬಂದವಳಿಗೆ “ಬೇಗ ತಿನ್ನಿಯಮ್ಮಾ”. ರುಚಿಯೊಂದೇ ಹೆಸರಲ್ಲ. ಪೂರಿಯ ಲೆಕ್ಕ, ತೊಳೆದ ಕೈ, ಆಡುವ ಮಾತು, ಎಲ್ಲ ಸೇರಿ ಹೆಸರು. ಒಂದು ಸಲ ಕೆಟ್ಟದ್ದು ತಿಂದವಳು ಗಲಾಟೆ ಮಾಡುವುದಿಲ್ಲ, ದೂರು ಬರೆಯುವುದಿಲ್ಲ. ಸುಮ್ಮನೆ ಮತ್ತೆ ಬರುವುದಿಲ್ಲ. ಪಕ್ಕದ ಗಾಡಿಯ ಪ್ರಾಮಾಣಿಕನಿಗೂ ಅವಳು ಹೋದಂತೆಯೇ.

ಧಾರವಾಡ ಪೇಡಕ್ಕೆ ಸಿಕ್ಕಿದಂಥ ಭೌಗೋಳಿಕ ಗುರುತು ನಮಗೂ ಬೇಕೆನ್ನುವವರಿದ್ದಾರೆ. ಬೇಕು, ಬೇಡವೆನ್ನಲಾರೆ. ಆದರೆ ಆ ಕಾಗದ ದಿನಾ ಸಂಜೆ ಬಂದು ಪಾನಿಯ ರುಚಿ ನೋಡುತ್ತದೆಯೇ? ನೋಡಬೇಕಾದವರು ತಿನ್ನುವ ನಾವು. “ಇದು ಬಂಗಾರಪೇಟೆಯದಲ್ಲ” ಎಂದು ಗಾಡಿಯ ಮುಂದೆಯೇ ಹೇಳುವಷ್ಟು ಬಾಯಿ ನಮಗಿರಲಿ. ಬಡವನ ಗಾಡಿಯ ಮೇಲೇಕೆ ಕಣ್ಣು ಎಂದರೆ, ಜಾಹೀರಾತು ಹಾಕಲು ದುಡ್ಡಿಲ್ಲದ ಬಂಗಾರಪೇಟೆಯ ಗಾಡಿಯವನೂ ಬಡವನೇ, ಅವನಿಗಿರುವ ಬಂಡವಾಳ ಆ ಹೆಸರೊಂದೇ.

ಹಸಿರು ನೀರು ಮಾರುವವರು ಮಾರಲಿ, ನನ್ನ ತಕರಾರಿಲ್ಲ. ಬೋರ್ಡಿನ ಮೇಲೆ ‘ಪುದೀನ ಪಾನಿ’ ಎಂದು ಬರೆಯಲಿ. ಚೆನ್ನಾಗಿದ್ದರೆ ನಾನೇ ಎರಡು ಪ್ಲೇಟು ತಿಂದು ಬರುತ್ತೇನೆ.