ಹಳೆಯ ಜನಪದ ಮಟ್ಟು ನುಡಿಸಿದರೂ ಕಾಪಿರೈಟ್ ನೋಟಿಸ್ ಬರುವುದೇಕೆ?

ಹವ್ಯಾಸಕ್ಕೆಂದು ಟಿನ್ ವಿಸಲ್ ಕಲಿತವರೊಬ್ಬರು ಹಳೆಯ ಐರಿಷ್ ಕುಣಿತದ ಮಟ್ಟೊಂದನ್ನು ಮನೆಯಲ್ಲೇ ನುಡಿಸಿ ಯೂಟ್ಯೂಬಿಗೆ ಹಾಕುತ್ತಾರೆ ಎಂದುಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ‘ನಿಮ್ಮ ವಿಡಿಯೋದಲ್ಲಿ ಬೇರೆಯವರ ಹಕ್ಕಿರುವ ಸಂಗೀತವಿದೆ’ ಎಂಬ ಸೂಚನೆ ಬರುತ್ತದೆ. ನುಡಿಸಿದ್ದು ಅವರೇ, ಮಟ್ಟು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಎಷ್ಟೋ ಜನ ಹೆದರಿ ವಿಡಿಯೋ ಅಳಿಸಿಬಿಡುತ್ತಾರೆ. ಅದರ ಅಗತ್ಯವಿದೆಯೇ? ನೋಡೋಣ.

ಮಟ್ಟು ಬೇರೆ, ರೆಕಾರ್ಡಿಂಗ್ ಬೇರೆ

ಟಿನ್ ವಿಸಲ್ ಎಂದರೆ ನೇರವಾಗಿ ಹಿಡಿದು ಊದುವ, ಆರು ರಂಧ್ರಗಳ ಪುಟ್ಟ ಕೊಳವೆ. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ಇದನ್ನು ತಗಡಿನಲ್ಲಿ ಮಾಡಿ ಮಾರತೊಡಗಿದ ಮೇಲೆ ಬಡವರ ಕೈಗೂ ಎಟುಕಿತು. ಇದರಲ್ಲಿ ನುಡಿಸುವ ಮಟ್ಟುಗಳು ಕಿವಿಯಿಂದ ಕಿವಿಗೆ ಬಂದವು. ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ ಇಂಥ 1,850 ಮಟ್ಟುಗಳನ್ನು ಅಚ್ಚು ಹಾಕಿಸಿದರು.

ಕಾನೂನು ಇಲ್ಲಿ ಮೂರು ಪದರಗಳನ್ನು ನೋಡುತ್ತದೆ. ಮೂಲ ಮಟ್ಟು ಒಂದು, ಅದಕ್ಕೆ ಒಬ್ಬರು ಮಾಡಿದ ಹೊಸ ಸಂಯೋಜನೆ ಇನ್ನೊಂದು, ಅದರ ಧ್ವನಿಮುದ್ರಣ ಮತ್ತೊಂದು. ಹಳೆಯ ಜನಪದ ಮಟ್ಟಿಗೆ ಒಡೆಯರಿಲ್ಲ. ಆದರೆ ಅದನ್ನೇ ನುಡಿಸಿದ ಹೊಸ ಆಲ್ಬಮ್ಮಿಗೆ ಇದ್ದಾರೆ. ಆಲ್ಬಮ್ಮಿನ ಧ್ವನಿಯನ್ನು ಎತ್ತಿಕೊಂಡರೆ ತಪ್ಪು. ಅದೇ ಮಟ್ಟನ್ನು ನೀವೇ ಊದಿದರೆ ಆ ಧ್ವನಿಮುದ್ರಣದ ಹಕ್ಕಿಗೆ ಧಕ್ಕೆಯಿಲ್ಲ.

ಯಂತ್ರಕ್ಕೆ ಗೊಂದಲವೇಕೆ?

ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ 2007ರಿಂದ ಇದೆ. ಹಕ್ಕುದಾರರು ಕೊಟ್ಟ ಧ್ವನಿಗಳಿಂದ ಅದು ಒಂದು ಬಗೆಯ ಬೆರಳಚ್ಚು ತಯಾರಿಸಿ, ಹೊಸ ವಿಡಿಯೋಗಳ ಜೊತೆ ತಾಳೆ ನೋಡುತ್ತದೆ. ಸ್ವರಗಳ ಸಾಲನ್ನೂ ಹೋಲಿಸಬಲ್ಲದು. ಇಬ್ಬರು ಒಂದೇ ಮಟ್ಟನ್ನು, ಒಂದೇ ಶ್ರುತಿಯ ವಿಸಲ್‌ನಲ್ಲಿ, ಒಂದೇ ವೇಗದಲ್ಲಿ ನುಡಿಸಿದರೆ ತಾಳೆಯಾಗುವುದು ಸಹಜವೇ. ಮಟ್ಟಿನ ವಯಸ್ಸು ಎಷ್ಟೆಂಬುದು ಧ್ವನಿಯಲ್ಲಿ ಇರುವುದಿಲ್ಲ. ಹಾಗಾಗಿ ಯಂತ್ರಕ್ಕೆ ಅದು ತಿಳಿಯುವುದೂ ಇಲ್ಲ.

‘ಜನಪದ ಎಂದ ಮೇಲೆ ಎಲ್ಲವೂ ಉಚಿತ’ ನಿಜವೇ?

ಇಲ್ಲ. ಹಳೆಯದರಂತೆ ಕೇಳಿಸುವುದೆಲ್ಲ ಹಳೆಯದಲ್ಲ. ಫಿಲಡೆಲ್ಫಿಯಾದಲ್ಲಿ ಕೊಳಾಯಿ ಕೆಲಸ ಮಾಡುತ್ತಿದ್ದ ಎಡ್ ರೀವಿ ಕಟ್ಟಿದ ಮಟ್ಟುಗಳನ್ನು ಹಲವರು ಪಾರಂಪರಿಕ ಎಂದೇ ನುಡಿಸುತ್ತಾರೆ. ಅವರು ತೀರಿಕೊಂಡದ್ದು 1988ರಲ್ಲಿ.

ನಮ್ಮಲ್ಲೂ ಹೀಗೆಯೇ. ಶಿಶುನಾಳ ಷರೀಫರು 1889ರಲ್ಲಿ ನಿಧನರಾದರು. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನಾವು ಗುನುಗುವ ಎಷ್ಟೋ ಧಾಟಿಗಳು ಸಿ. ಅಶ್ವಥ್ ಅವರವು. ಭಾರತದಲ್ಲಿ ಸಂಗೀತ ಕೃತಿಯ ಹಕ್ಕು ಕರ್ತೃ ತೀರಿಕೊಂಡ ಬಳಿಕ 60 ವರ್ಷ ಇರುತ್ತದೆ. ಅಶ್ವಥ್ ನಿಧನರಾದದ್ದು 2009ರಲ್ಲಿ. ಅಂದರೆ ಆ ಧಾಟಿಗಳ ಹಕ್ಕು 2069ರ ಕೊನೆಯವರೆಗೆ ಉಳಿಯುತ್ತದೆ. ಪದ ಎಲ್ಲರದು, ಧಾಟಿ ಅಲ್ಲ.

ಸೂಚನೆ ಬಂದರೆ ಏನು ಮಾಡಬೇಕು?

ಮೊದಲನೆಯದು, ಗಾಬರಿ ಬೇಡ. ಕಂಟೆಂಟ್ ಐಡಿ ಸೂಚನೆ ಎಂದರೆ ಚಾನೆಲ್ ಮೇಲೆ ಬೀಳುವ ‘ಸ್ಟ್ರೈಕ್’ ಅಲ್ಲ. ಹೆಚ್ಚಿನ ಸಲ ಆಗುವುದು ಇಷ್ಟೇ: ಜಾಹೀರಾತಿನ ಹಣ ಬೇರೆಯವರಿಗೆ ಹೋಗುತ್ತದೆ.

ಎರಡನೆಯದು, ಮಟ್ಟಿನ ಮೂಲ ಹುಡುಕಿ. ಓನೀಲ್ ಸಂಗ್ರಹದಂಥ ಹಳೆಯ ಪುಸ್ತಕದಲ್ಲಿ ಅದು ಸಿಕ್ಕರೆ ಒಳ್ಳೆಯ ಪುರಾವೆ.

ಮೂರನೆಯದು, ಖಚಿತವಾದರೆ ಆಕ್ಷೇಪಣೆ ಸಲ್ಲಿಸಿ. ‘ಇದು ಪಾರಂಪರಿಕ ಮಟ್ಟು, ನುಡಿಸಿದ್ದು ನಾನೇ’ ಎಂದು ಸ್ಪಷ್ಟವಾಗಿ ಬರೆಯಿರಿ. ಎದುರಿನವರು 30 ದಿನದೊಳಗೆ ಉತ್ತರಿಸಬೇಕು, ಇಲ್ಲದಿದ್ದರೆ ಅವರ ದಾವೆ ಬಿದ್ದುಹೋಗುತ್ತದೆ. ಖಚಿತವಿಲ್ಲದೆ ಹಟ ಹಿಡಿದರೆ ಮಾತ್ರ ಮುಂದೆ ಸ್ಟ್ರೈಕ್ ಬರುವ ಅಪಾಯವಿದೆ.

ಯಾರೂ ಆಕ್ಷೇಪಿಸದಿದ್ದರೆ, ಎಲ್ಲರಿಗೂ ಸೇರಿದ ಮಟ್ಟು ದಾಖಲೆಯಲ್ಲಿ ಒಬ್ಬರದಾಗಿಯೇ ಉಳಿದುಬಿಡುತ್ತದೆ. ನಾಳೆ ಅದನ್ನು ನುಡಿಸುವ ಇನ್ನೊಬ್ಬರಿಗೂ ಅದೇ ಸೂಚನೆ ಹೋಗುತ್ತದೆ. ಆದ್ದರಿಂದ ವಿಡಿಯೋ ಅಳಿಸುವ ಮುನ್ನ ಒಮ್ಮೆ ಮೂಲ ಹುಡುಕಿ ನೋಡಿ.